ಬೆಟ್ಟದ ಕಳ್ಳಿಗೆ ಕೈ ಇತ್ತು

ನೇರಳೆ ಮತ್ತೆ ತಾನಾಗಿಯೇ ಬಂದು ಕೂತಿದೆ, ಬಣ್ಣ ಕಲಸುವ ತಗಡಿನ ಮುಚ್ಚಳದ ಮೇಲೆ, ನೀಲಿಗೆ ಇಟ್ಟಿಗೆಗೆಂಪು ತಾಗಿದ ಕಡೆ, ಆಂಬ್ರೋಸ್ ಬೆರೆಸಲೇ ಇಲ್ಲ, ಕೈ ಬೆರೆಸಿತು, ಇದು ಬೆಟ್ಟದ ಕೊರಕಲಿನ ನೇರಳೆ ಅಲ್ಲ, ಅದು ಇನ್ನೂ ತಣ್ಣಗೆ, ಮಳೆಮೋಡದ ಹೊಟ್ಟೆಯದೂ ಅಲ್ಲ, ಇದರೊಳಗೆ ಚೂರು ಬಿಸಿ ಇದೆ, ಮೈಬಿಸಿಯ ಹಾಗೆ — ಎಲ್ಲಿ ನೋಡಿದ್ದು ಇದನ್ನು, ಚಿತ್ರದ ಹಲಗೆಯಲ್ಲಿ ಇದರ ಜಾಗ ಯಾವುದು, ಮರೆವು ಅನ್ನುತ್ತಾರೆ, ಅನ್ನಲಿ, ಅನ್ನುವವರ ಬಾಯಿಗೆ ಮರಳು ಬೀಳಲಿ, ಟ್ರಕ್ಕಿನ ಕೀಲಿ ಎಲ್ಲಿಟ್ಟೆ ಎಂದು ಕೇಳಿದರೆ ಗೊತ್ತಿಲ್ಲ, ಒಪ್ಪಿದ, ಇವತ್ತು ಯಾವ ವಾರ ಎಂದರೆ ಅದೂ ಗೊತ್ತಿಲ್ಲ, ಮರುಭೂಮಿಗೆ ವಾರ ಯಾತಕ್ಕೆ, ಆದರೆ ಈ ಬೆಟ್ಟವನ್ನು ಕೇಳಿ, ಯಾವ ಬಂಡೆಯ ಮೇಲೆ ಯಾವ ಹೊತ್ತಿಗೆ ಯಾವ ಬಣ್ಣ ಇಳಿಯುತ್ತದೆ ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತಾನೆ, ಬುಡದಲ್ಲಿ ಹಳದಿ, ನಡುವಿಗೆ ಕಿತ್ತಳೆ, ತಲೆಗೆ ಸುಟ್ಟ ಕೆಂಪು, ಅಲ್ಲಿ ಕೊರಕಲು, ಅದರ ಪಕ್ಕ ಕಂಬದಂಥ ಒಂಟಿ ಸಗುವಾರೊ ಕಳ್ಳಿ, ಅದಕ್ಕೊಂದು ಕೈ, ಮೇಲೆದ್ದ ಕವಲು.

ಕೈ ಇರಲಿಲ್ಲ ಭಾವ. ವರ್ಜಿಲ್‌ನದು ಬೆಳಗಿನಿಂದ ಅದೇ ಹಾಡು, ಚಪ್ಪರದ ನೆರಳಲ್ಲಿ ಕೂತು ಹಣ್ಣಿನ ತಿರುಳು ಬೇಯಿಸುತ್ತಾ, ಸೌಟು ಅಲ್ಲಾಡಿಸುವುದಕ್ಕಿಂತ ನಾಲಿಗೆ ಅಲ್ಲಾಡಿಸುವುದೇ ಹೆಚ್ಚು, ಹೆಂಡತಿಯ ತಮ್ಮ ಎಂದು ಸಹಿಸಿದ್ದು, ಇಗ್ನೇಸಿಯಾ ಇದ್ದಿದ್ದರೆ ಸೌಟಿನಲ್ಲೇ ಒಂದು ಕೊಡುತ್ತಿದ್ದಳು — ಇದ್ದಿದ್ದರೆ. ಚಳಿಗಾಲದಲ್ಲಿ ಹೋದಳು. ಈ ಜೂನ್‌ನಲ್ಲಿ ಕಳ್ಳಿಹಣ್ಣಿನ ಬಿಡಾರಕ್ಕೆ ಅವಳಿಲ್ಲದೆ ಬಂದದ್ದು, ಅವಳ ದೋಟಿ ಈಗ ಲೊರಿಂಡಾಳ ಕೈಯಲ್ಲಿ, ಇಗ್ನೇಸಿಯಾಳ ತಂಗಿಯ ಮಗಳು, ಅಲ್ಲಿ ಮೇಲೆ ಇಳಿಜಾರಿನಲ್ಲಿ ದೋಟಿ ಎತ್ತಿ ಹಣ್ಣು ಉದುರಿಸುತ್ತಿದ್ದಾಳೆ, ತಿರುಳು ಬಕೆಟ್ಟಿಗೆ, ಸಿಪ್ಪೆ ನೆಲಕ್ಕೆ, ಒಳಗಿನ ಕೆಂಪು ಆಕಾಶಕ್ಕೆ ಕಾಣುವ ಹಾಗೆ, ಇಲ್ಲದಿದ್ದರೆ ಮಳೆಗೆ ದಾರಿ ಗೊತ್ತಾಗುವುದಿಲ್ಲ, ಅದೂ ಇಗ್ನೇಸಿಯಾ ಕಲಿಸಿದ್ದೇ, ಮಗುಚಿ ಬಿದ್ದ ಸಿಪ್ಪೆಯನ್ನು ಬೆನ್ನು ಬಗ್ಗಿಸಿ ಒಂದೊಂದನ್ನೇ ತಿರುಗಿಸಿಡುತ್ತಿದ್ದಳು. ದೊಡ್ಡಪ್ಪ, ದೊಡ್ಡಮ್ಮನ ವರ್ಷದ ಊಟಕ್ಕೆ ಒಂದು ಚಿತ್ರ ಬರೀರಿ, ಚರ್ಚಿನ ಹಾಲ್‌ನಲ್ಲಿ ಹಾಕೋಣ, ಅವರು ಹಣ್ಣು ಉದುರಿಸ್ತಿದ್ದ ಈ ಜಾಗದ್ದು, ಅಂದಿದ್ದಳು ಲೊರಿಂಡಾ. ಜಾಗ ಬರೆಯಬಲ್ಲ, ಜಾಗ ಬಿಟ್ಟು ಇನ್ನೇನು ಬರೆದ ಅವನು, ಟೂಸಾನ್ ಪಟ್ಟಣದ ಮೋಟೆಲುಗಳ ಗೋಡೆಯ ಮೇಲೆಲ್ಲ ಅವನದೇ ಕಿತ್ತಳೆ ಬೆಟ್ಟ, ಗುಲಾಬಿ ಮರಳು, ಮಂಚದ ಮೇಲೆ ಕೂತು ಬೂಟು ಬಿಚ್ಚುವವರು ಬೆನ್ನು ತಿರುಗಿಸಿ ಕೂರುವ ಚಿತ್ರಗಳು. ಮುಖ ಬರೆಯಲ್ವಾ ನೀನು, ಇಗ್ನೇಸಿಯಾ ಕೇಳಿದ್ದಳು ಒಮ್ಮೆ, ಬರೀ ಕಲ್ಲು ಮಣ್ಣು. ಮುಖ ಬರೋದಿಲ್ಲ ನನಗೆ. ಸಗುವಾರೊ ಬರೀತೀಯಲ್ಲ, ನಮ್ಮೋರಿಗೆ ಅವರೂ ಜನಾನೇ. ಅವರು ಬಾಯಿ ಮುಚ್ಕೊಂಡು ನಿಂತಿರ್ತಾರೆ ಕಣೇ, ನೀನು ನಿಲ್ತೀಯಾ. ನಕ್ಕಳು, ಆ ನಗುವಿನ ಸದ್ದು ಇದೆ, ಕಿವಿಯಲ್ಲಿ ಹಾಗೇ ಇದೆ, ಮುಖ ಇಲ್ಲ.

ಅದನ್ನು ಯಾರಿಗೆ ಹೇಳುವುದು. ಯಾರಿಗೂ ಹೇಳಿಲ್ಲ. ವಸಂತ ಶುರುವಾಗುವಾಗ ಹೋಯಿತು ಮುಖ, ಮೊದಲು ಗಲ್ಲ, ಆಮೇಲೆ ಹುಬ್ಬು, ಬಿಸಿಲಿಗಿಟ್ಟ ಚಿತ್ರ ಬಿಳಿಚಿಕೊಂಡ ಹಾಗೆ, ಅವಳ ಗುರುತಿನ ಚೀಟಿಯಲ್ಲಿ ಒಂದು ಮುಖವಿದೆ, ತೆಗೆದು ನೋಡಿದ, ಪೊಲೀಸರಿಗೆ ಹೆದರಿದ ಯಾರೋ ಹೆಂಗಸು, ಅವಳಲ್ಲ, ಕ್ಯಾಮೆರಾ ಕಂಡರೆ ತಿರುಗಿ ನಿಲ್ಲುತ್ತಿದ್ದಳು, ಮನೆಯಲ್ಲಿರುವ ಫೋಟೊಗಳಲ್ಲೆಲ್ಲ ಅವಳ ಜಡೆ — ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳ ಮುಖ ಹೋಗಿ ಕಳ್ಳಿಯ ಕೈ ಮಾತ್ರ ಉಳಿಯಬೇಕೆ, ಅದಾದರೂ ಉಳಿಯಲಿ, ಅದನ್ನಾದರೂ ಸರಿಯಾಗಿ ಬರೆಯಲಿ, ಎಡಕ್ಕೆ, ಮೇಲೆತ್ತಿದ ಕೈ, ಕುಂಚ ಹಸಿರಿಗೆ ಅದ್ದುತ್ತದೆ, ಎಳೆಯುತ್ತದೆ, ಲೊರಿಂಡಾ ಬಕೆಟ್ ಹೊತ್ತು ಇಳಿದು ಬಂದು ಬೆನ್ನ ಹಿಂದೆ ನಿಂತಿದ್ದಾಳೆ, ಬೆವರಿನ ವಾಸನೆ, ಹಣ್ಣಿನ ಸಿಹಿ ವಾಸನೆ, ಒಂದು ಕ್ಷಣ ಅವಳೇ ಎಂದು ತಿರುಗಿದ. ದೊಡ್ಡಪ್ಪ, ಆ ಕಳ್ಳಿ ಬಿದ್ದೋಯ್ತಲ್ಲ, ಹೋದ ವರ್ಷದ ಹಿಂದಿನ ವರ್ಷದ ಗಾಳಿಗೆ. ಗೊತ್ತಮ್ಮ, ಇದ್ದಾಗ ಹೆಂಗಿತ್ತೋ ಹಂಗೆ ಬರೀತಿದೀನಿ. ಇದ್ದಾಗಲೂ ಕೈ ಇರಲಿಲ್ಲ, ಚಪ್ಪರದಿಂದ ವರ್ಜಿಲ್, ಬಿದ್ದ ಮೇಲೆ ಅದರೊಳಗಿನ ಕಟ್ಟಿಗೆ ಎಲುಬು ಬಿಡಿಸಿದೋನು ನಾನು ಭಾವ, ನಮ್ಮ ಲೊರಿಂಡಾ ಹಿಡಿದಿರೋ ದೋಟಿ ಅದರದೇ, ಬುಡದಿಂದ ತುದೀವರೆಗೂ ಒಂದೇ ನೇರ, ಒಂದು ಕವಲಿಲ್ಲ, ಮುಟ್ಟಿ ನೋಡಿ ಬೇಕಾದರೆ.

ಮುಟ್ಟಿದ. ಲೊರಿಂಡಾ ದೋಟಿ ಚಾಚಿದಳು, ಒಣಗಿದ ಎಲುಬು, ಬೆಳ್ಳಗೆ, ಹಗುರ, ಬೆರಳು ಉದ್ದಕ್ಕೂ ಓಡಿತು, ಗಂಟಿಲ್ಲ, ತಿರುವಿಲ್ಲ, ಕೈ ಕೂತಿದ್ದ ಗುರುತೇ ಇಲ್ಲ. ಹಾಗಾದರೆ ಅನ್ನುವವರ ಬಾಯಿಗೆ ಮರಳು ಬೀಳಬೇಕಾಗಿಲ್ಲ. ಹಾಗಾದರೆ ಬೆಟ್ಟವೂ ಹೋಯಿತು. ಹಳದಿ, ಕಿತ್ತಳೆ, ಸುಟ್ಟ ಕೆಂಪು, ಅವೂ ಇದ್ದವೋ ಇಲ್ಲವೋ. ಅಳಿಸಿಬಿಡುತ್ತೇನೆ, ಅಂದ, ಜೋರಾಗಿಯೇ ಅಂದಿರಬೇಕು, ಚಿಂದಿಗೆ ನೀರು ಅದ್ದಿದ್ದಾನೆ, ವರ್ಜಿಲ್ ಸೌಟು ಬಿಟ್ಟು ಎದ್ದು ಬಂದ, ಬಗ್ಗಿದ, ಹಲಗೆಗೆ ಮೂಗು ತಾಗುವಷ್ಟು. ಅಲ್ಲ ಭಾವ, ಕಳ್ಳಿ ಎಲ್ಲಾದರೂ ಹೀಗೆ ಕೈ ಮಡಚುತ್ತಾ, ಹೊರಗೆ ಹೋಗಿ ಮೇಲಕ್ಕೇಳುತ್ತೆ ಅದು, ನಿಮ್ಮದು ತಲೆ ಕಡೆಗೇ ತಿರುಗಿದೆ, ಬಿಸಿಲಿಗೆ ಕಣ್ಣಿಗೆ ಅಡ್ಡ ಹಿಡಿದಂಗಿದೆ.

ಚಿಂದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಮೊಣಕಾಲ ಮೇಲೆ, ಬಿಸಿಲಿಗೆ ಕಣ್ಣಿಗೆ ಅಡ್ಡ, ಪ್ರತಿ ಜೂನ್, ಪ್ರತಿ ಬೆಳಗ್ಗೆ, ಅವನು ಇಲ್ಲೇ ಕೆಳಗೆ, ಅವಳು ಅಲ್ಲಿ ಮೇಲೆ, ಆ ಒಂಟಿ ಕಂಬಕ್ಕೆ ಒತ್ತಿಕೊಂಡು, ಮುಳ್ಳು ಚುಚ್ಚುತ್ತೆ ಕಣೇ ಎಂದರೆ ಇವರು ನನಗೆ ಚುಚ್ಚಲ್ಲ ಎನ್ನುವಳು, ಹಸಿರು ಲಂಗ, ಒಂದು ಕೈಯಲ್ಲಿ ಬಕೆಟ್, ಎದುರಿಗೆ ಹುಟ್ಟಿದ ಸೂರ್ಯ, ಇನ್ನೊಂದು ಕೈ ಎತ್ತಿ ಹಣೆಗಿಟ್ಟು ಕೆಳಗೆ ನೋಡಿ ಕೂಗುತ್ತಾಳೆ, ಮುಗೀತಾ. ಸ್ವಲ್ಪ ಇರು. ತಲೆ ಎತ್ತದೆ. ಮುಗೀತಾ. ಇರೇ ಸ್ವಲ್ಪ. ದೂರಕ್ಕೆ ಇಬ್ಬರೂ ಒಂದೇ ಆಗಿ ಕಂಡಿದ್ದರು, ಕಳ್ಳಿ ಯಾವುದು, ಅವಳು ಯಾವುದು, ಕಣ್ಣು ಬೇರೆ ಮಾಡಲಿಲ್ಲ, ಇಷ್ಟು ಬೇಸಿಗೆ ಆ ಕೈಯನ್ನು ಬರೆದದ್ದು, ಮೋಟೆಲಿನ ಗೋಡೆಗಳ ಮೇಲೆಲ್ಲ ಅವಳು ಹಣೆಗೆ ಕೈಯಿಟ್ಟು ನಿಂತಿದ್ದಾಳೆ, ಮುಗೀತಾ ಎಂದು, ಯಾರ್ಯಾರನ್ನೋ ನೋಡುತ್ತಾ. ಮತ್ತೆ ಮುಖ — ಮುಖ ಎಲ್ಲಿ ಕಾಣಬೇಕು, ಅಂಗೈಯ ನೆರಳು ಬಿದ್ದಿತ್ತು ಅದರ ಮೇಲೆ, ಹಣೆಯಿಂದ ಗಲ್ಲದವರೆಗೆ, ಬಿಸಿ ಇದ್ದ ನೆರಳು.

ನೇರಳೆ. ಕುಂಚದ ತುದಿಯಿಂದ ಎತ್ತಿಕೊಂಡ, ಮಡಚಿದ ಕೈಯ ಕೆಳಗೆ ಒಂದೇ ಒಂದು ಸಲ ಒತ್ತಿದ, ಕೂತಿತು, ಇಷ್ಟು ದಿನ ಜಾಗ ಹುಡುಕುತ್ತಿದ್ದದ್ದು ಕೂತಿತು. ಲೊರಿಂಡಾ ಬಗ್ಗಿ ನೋಡಿದಳು, ದೊಡ್ಡಮ್ಮ, ಅಂದಳು. ಒಲೆಯ ಮೇಲೆ ವರ್ಜಿಲ್‌ನ ಪಾಕ ತಳ ಹಿಡಿಯುತ್ತಿದೆ, ಯಾರೂ ಅತ್ತ ಹೋಗುತ್ತಿಲ್ಲ. ನನಗೆ ನಾಳೆ ಇದು ನೆನಪಿರುತ್ತೋ ಇಲ್ಲವೋ ಮಗಳೇ, ನೀನು ಹೇಳು, ಹಾಲ್‌ನಲ್ಲಿ ಊಟಕ್ಕೆ ಬಂದೋರು ಕೇಳ್ತಾರೆ, ನಗ್ತಾರೆ, ಅವರಿಗೆ ಹೇಳು, ಅವರು ಅವರ ಮಕ್ಕಳಿಗೆ ಹೇಳಲಿ, ಆ ಕಳ್ಳಿಗೆ ಕೈ ಇತ್ತು ಅಂತ. ಮೇಲೆ ಇಳಿಜಾರಿನಲ್ಲಿ ಕೆಂಪು ಸಿಪ್ಪೆಗಳು ಆಕಾಶ ನೋಡುತ್ತಿವೆ, ಕೊರಕಲಿನ ಪಕ್ಕ ಏನೂ ಇಲ್ಲ, ಬಿಸಿಲು, ಬಿಸಿಲಿನಲ್ಲಿ ಹಣೆಗೆ ಎತ್ತಿದ ಕೈ, ಮುಗೀತಾ, ಸ್ವಲ್ಪ ಇರು, ಹಣೆಗೆ ಎತ್ತಿದ ಕೈ, ಇರೇ ಸ್ವಲ್ಪ, ಆ ಕೈ