ಬಲಕ್ಕೆ ತಿರುಚಿ ಎಡಕ್ಕೆ ಸುತ್ತುವುದು

ಗೊಂಪು ಜಾರುತ್ತಿದೆ, ದಾಸವಾಳದ ಸೊಪ್ಪು ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿಟ್ಟದ್ದು, ಬೆರಳ ಸಂದಿಯಿಂದ ಲೋಳೆಲೋಳೆಯಾಗಿ ಮುಂಗೈಗೆ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ — ಎಡಗೈಯಲ್ಲಿ ಕೂದಲಿನ ಒಂದು ಎಳೆ, ಬಲಗೈಯಲ್ಲಿ ಇನ್ನೊಂದು, ಎರಡನ್ನೂ ಬಲಕ್ಕೆ ತಿರುಚು, ಒಂದರ ಮೇಲೊಂದು ಎಡಕ್ಕೆ ಸುತ್ತು, ತಿರುಚು, ಸುತ್ತು, ತುದಿಯವರೆಗೂ ಹೋಗು, ತುದಿಯನ್ನು ಬೆರಳಿಗೆ ಸುತ್ತಿ ಬಿಡು. ಬಿಟ್ಟರೆ ನಿಲ್ಲಬೇಕು. ನಿಂತಿತು. ಇದು ಹದಿನಾಲ್ಕನೆಯ ಪುಟ್ಟ ಜಡೆ, ಇನ್ನು ಹತ್ತೋ ಹನ್ನೊಂದೋ, ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು, ಹನ್ನೊಂದಕ್ಕೆ ಬರುತ್ತೇವೆ ಅಂದಿದ್ದಾರೆ ಧರ್ಮೇಶ ಭಾವ, ನರಸಿಂಹರಾಜಪುರದಿಂದ ಕೊಪ್ಪಕ್ಕೆ ಎಷ್ಟು ಹೊತ್ತು, ಆಗಲೇ ಕಾರು ಹತ್ತಿರುತ್ತಾರೆ. ಚಿಕ್ಕಿ, ನೋಯ್ತದೆ. ಸ್ವಲ್ಪ ತಡ್ಕಳೆ. ಇವತ್ ಎಂತಕ್ ಇಷ್ಟ್ ಬಿಗಿ. ಬಿಗಿ ಇದ್ರೆ ಜಾಸ್ತಿ ದಿನ ನಿಲ್ತದೆ ಕಣೆ. ಎಷ್ಟ್ ದಿನ. ಹದಿನೈದು. ಆಮೇಲೆ? ಸುಮ್ನೆ ತಲೆ ನೆಟ್ಟಗಿಡು ಅಂದೆ. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತೇವೆ, ಪಾರ್ಲರಿನ ತಿರುಗುವ ಕುರ್ಚಿಗೆ ಎರಡು ದಿಂಬು ಹಾಕಿ ಕೂರಿಸಿದ ಒಂಬತ್ತು ವರ್ಷದ ಶಾಂಭವಿ, ಹಿಂದೆ ನಾನು, ಅವಳ ಚಿಕ್ಕಮ್ಮ, ಮೂವತ್ತೆಂಟಾಯಿತು, ಕಣ್ಣು ಊದಿಕೊಂಡಿದೆ, ಊರಿಗೆಲ್ಲ ಫೇಶಿಯಲ್ ಮಾಡುವವಳ ಮುಖ ಇದು. ಶಟರ್ ಅರ್ಧ ಎಳೆದಿದ್ದೇನೆ, ಭಾನುವಾರ ಗಿರಾಕಿ ಜಾಸ್ತಿ, ಒಬ್ಬಳು ಬಗ್ಗಿ ನೋಡಿ ಹುಬ್ಬು ಒಂದ್ ತೆಗ್ದು ಕೊಡಿ ಅಕ್ಕ, ಐದೇ ನಿಮಿಷ ಅಂದಳು, ನಿನ್ ಹುಬ್ಬು ನಾಳೆನೂ ಅಲ್ಲೇ ಇರ್ತದೆ ಹೋಗು ಮಾರಾಯ್ತಿ ಅಂದೆ. ಇವಳು ನಾಳೆ ಇಲ್ಲಿ ಇರುವುದಿಲ್ಲ. ಆರು ವರ್ಷ. ಅಕ್ಕ ಸತ್ತು ಎಲ್ಲ ಮುಗಿದ ಮೇಲೆ ಭಾವನೇ ಮೂರು ವರ್ಷದ ಮಗುವನ್ನು ಎತ್ತಿ ನನ್ನ ಸೊಂಟಕ್ಕೆ ಕೊಟ್ಟಿದ್ದು, ಸ್ವಲ್ಪ ದಿನ ನೋಡ್ಕೊ ಅಂತ. ನೋಡಲು ಬಂದು, ಕೂಸು ಇದೆ ಎಂದು ನನ್ನನ್ನು ಬೇಡ ಅಂದವರು ಇಬ್ಬರು, ಕೂಸು ಬಿಟ್ಟು ಬಾ ಅಂದವನನ್ನು ನಾನೇ ಬೇಡ ಅಂದೆ, ಹಾಗೆ ಸ್ವಲ್ಪ ದಿನ ಅನ್ನುವುದು ಆರು ವರ್ಷವಾಯಿತು. ಈಗ ಭಾವನಿಗೆ ಮತ್ತೆ ಮದುವೆಯಾಗಿದೆ, ಭವ್ಯ ಅಂತ, ಮನೆ ಮನೆಯ ಹಾಗಾಗಿದೆ, ಮಗಳು ಬೇಕು. ಬೇಡ ಅನ್ನಲು ನಾನು ಹೆತ್ತವಳಲ್ಲ. ಅವರು ಕೆಟ್ಟವರಾದರೂ ಆಗಿದ್ದರೆ ಸುಲಭವಿತ್ತು, ಜಗಳ ಆಡಬಹುದಿತ್ತು, ಕೆಟ್ಟವರೂ ಅಲ್ಲ.

ಹದಿನೈದನೆಯದು, ಬಾಚಣಿಗೆಯ ಬಾಲ ನೆತ್ತಿಯ ಮೇಲೆ ಬಿಳಿ ಗೆರೆ ಎಳೆಯುತ್ತದೆ — ಇದೇ ನೆತ್ತಿ, ಇದೇ ಕೂದಲು, ಗಂಗಕ್ಕನದು, ಗಂಗಾಂಬಿಕೆ ಅಂತ ಅಜ್ಜಿಯ ಹೆಸರಿಟ್ಟಿದ್ದರು ನನ್ನ ಅಕ್ಕನಿಗೆ, ಮುಟ್ಟಿದರೆ ಬೆರಳಿಗೆ ಸುತ್ತಿಕೊಳ್ಳುವ ಗುಂಗುರು, ಅಮ್ಮ ಒಣ ತಲೆಗೇ ಬಾಚಣಿಗೆ ಹಾಕಿ ಎಳೆಯುತ್ತಿದ್ದಳು, ತಿಂಗಳಿಗೊಂದು ಬಾಚಣಿಗೆ ಹಲ್ಲು ಮುರಿಯುತ್ತಿತ್ತು, ಎಂತ ಕಾಡು ಕೂದ್ಲೇ ನಿಂದು, ಯಾರ್ ಒಪ್ತಾರೆ ನಿನ್ನ. ನೋಡಲು ಬರುವ ದಿನ, ನಾನು ಶಿವಮೊಗ್ಗದಲ್ಲಿ ಪಾರ್ಲರ್ ಕೋರ್ಸ್ ಮುಗಿಸಿ ಬಂದು ತಿಂಗಳಾಗಿತ್ತು, ಕೂದಲು ಕಾಯಿಸಿ ನೆಟ್ಟಗೆ ಮಾಡುವ ಹೊಸ ಸ್ಟ್ರೇಟ್ನರ್, ಹೊಸ ಜಂಬ, ಬಾ ಕೂತ್ಕ ಅಂದೆ, ಮೂರು ಗಂಟೆ ಎಳೆದೆ, ಹೊಗೆ ಬಂತು, ಸುಟ್ಟ ವಾಸನೆ ಬಂತು, ಕೂದಲು ಸೊಂಟದವರೆಗೆ ನೆಟ್ಟಗೆ ಇಳಿದು ಮಿರುಗಿತು. ಅಮ್ಮ ಬಾಗಿಲಲ್ಲಿ ನಿಂತು ಅತ್ತೇಬಿಟ್ಟಳು, ಸಂತೋಷಕ್ಕೆ. ಗಂಡಿನ ಕಡೆಯವರು ಕಾಫಿ ಲೋಟ ಹಿಡಿದು ಕೂದಲನ್ನೇ ನೋಡಿದರು, ಒಪ್ಪಿದರು, ಮದುವೆಗೂ ನಾನೇ ಎಳೆದೆ, ಮದುವೆಯಾದ ನಾಲ್ಕನೆಯ ದಿನ ತಲೆಗೆ ನೀರು ಬಿತ್ತು, ಒಣಗುವಷ್ಟರಲ್ಲಿ ಎಲ್ಲ ಸುರುಳಿ ಎದ್ದು ನಿಂತಿತು. ಇದೆಂತ ಮಾರಾಯ್ತಿ, ನಾವ್ ನೋಡಿದ್ ಹುಡ್ಗಿನೇ ಬೇರೆ ಅಲ್ದ, ಅಂದರಂತೆ ಅತ್ತೆ, ಮನೆಮಂದಿಯೆಲ್ಲ ನಕ್ಕರಂತೆ, ಅಕ್ಕನೂ ಫೋನಿನಲ್ಲಿ ನಗುತ್ತಲೇ ಹೇಳಿದಳು, ನಗುತ್ತಿದ್ದಾಳಲ್ಲ ಎಂದು ನಾನೂ ನಕ್ಕೆ, ದಡ್ಡಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಕೊಪ್ಪಕ್ಕೆ ಬರುತ್ತಿದ್ದಳು, ಇದೇ ಕುರ್ಚಿ, ಎಳಿಯೇ, ಸುಟ್ರೂ ಅಡ್ಡಿಲ್ಲ ಎಳಿ, ತುದಿಗಳು ಪೊರಕೆ ಕಡ್ಡಿಯಾಗಿ ಮುರಿದು ನನ್ನ ಕಾಲ ಬುಡದಲ್ಲಿ ಬೀಳುತ್ತಿದ್ದವು, ನಾನು ಗುಡಿಸಿ ಹಾಕುತ್ತಿದ್ದೆ, ಅಕ್ಕ ತಿಂಗಳಿಗೆರಡು ಸಲ ಸಿಗುತ್ತಾಳೆ ಎಂದು ಒಳಗೊಳಗೇ ಖುಷಿಯೂ ಇತ್ತು. ಶಾಂಭವಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಅಕ್ಕನಿಗೆ ಮಂಗನ ಕಾಯಿಲೆ ಹಿಡಿಯಿತು, ಹನ್ನೊಂದು ದಿನದ ಜ್ವರ, ದಿಂಬಿಗೆ ಉಜ್ಜಿ ಉಜ್ಜಿ ತಲೆಯೆಲ್ಲ ಒಂದೇ ಗಂಟು, ಬಿಡಿಸಲಾಗಲಿಲ್ಲ, ನಾನೇ ಕತ್ತರಿ ಹಾಕಿದೆ, ಬುಡ ಗುಂಗುರು, ತುದಿ ನನ್ನ ಸ್ಟ್ರೇಟ್ನರ್ ಕೊಂದದ್ದು, ಎರಡೂ ಒಟ್ಟಿಗೆ ಮಡಿಲಿಗೆ ಬಿದ್ದವು. ಅಳ್ಬೇಡ, ಬೆಳೀತದೆ ಬಿಡೇ, ಈ ಸರ್ತಿ ಹೆಂಗ್ ಬರ್ತದೋ ಹಂಗೇ ಬಿಟ್ಬಿಡಣ ಅಂದಳು ಗಂಗಕ್ಕ. ಬೆಳೆಯಲು ಸಮಯ ಇರಲಿಲ್ಲ, ನಾಲ್ಕು ದಿನ ಮಾತ್ರ.

ಹತ್ತೊಂಬತ್ತು, ಇಪ್ಪತ್ತು. ಅದಕ್ಕೇ ಇವಳ ತಲೆಗೆ ಒಂದು ದಿನವೂ ಬಿಸಿ ಮುಟ್ಟಿಸಲಿಲ್ಲ ನಾನು. ಫೋನಿನ ವಿಡಿಯೋದಲ್ಲಿ ಒಬ್ಬಳು ಆಫ್ರಿಕಾದ ಹೆಂಗಸು, ಮಗಳನ್ನು ಎರಡು ಕಾಲಿನ ನಡುವೆ ಕೂರಿಸಿಕೊಂಡು ಹೀಗೆ ಎರಡೆರಡು ಎಳೆ ಹೊಸೆಯುತ್ತಿದ್ದಳು, ಮಾತು ಒಂದೂ ತಿಳಿಯದು, ಕೈ ತಿಳಿಯಿತು, ತಿಳಿಯಿತು ಅಂದುಕೊಂಡೆ, ಮೊದಲ ಸಲ ಹಾಕಿ ಶಾಲೆಗೆ ಕಳಿಸಿದರೆ ಪ್ರಾರ್ಥನೆ ಮುಗಿಯುವುದರೊಳಗೆ ಅಷ್ಟೂ ಬಿಚ್ಚಿ ಹರಡಿ ಅಳುತ್ತಾ ಬಂದಳು. ಮೂರನೆಯ ಸಲಕ್ಕೆ ಅಪ್ಪ ನೆನಪಾದರು, ಜಗಲಿಯಲ್ಲಿ ಕೂತು ದನಕ್ಕೆ ಕಣ್ಣಿ ಹಗ್ಗ ಹೊಸೆಯುವ ಅಪ್ಪ, ಎಳೆ ಎರಡೂ ಬಲಕ್ಕೆ ತಿರುಚ್ಬೇಕು, ಸುತ್ತದು ಮಾತ್ರ ಎಡಕ್ಕೆ, ಎರಡೂ ಬಿಚ್ಕಳಕ್ಕೆ ಹೋಗ್ತವೆ, ಹೋಗಿ ಒಂದನ್ನೊಂದು ಹಿಡ್ಕಳ್ತವೆ, ಒಂದೇ ಕಡೆ ತಿರುಗ್ಸಿದ್ಯೋ ಸಂಜೆಗೆ ದನ ತೋಟದಲ್ಲಿ. ಅಷ್ಟೇ ಗುಟ್ಟು. ಉಳಿದದ್ದೆಲ್ಲ ಆರೈಕೆ, ಎರಡು ದಿನಕ್ಕೊಮ್ಮೆ ಬುಡಕ್ಕೆ ನೀರು ಚಿಮುಕಿಸು, ಬೆರಳ ತುದಿಯಲ್ಲಿ ಕೊಬ್ಬರಿ ಎಣ್ಣೆ ಹಚ್ಚು, ಮಲಗುವಾಗ ರೇಷ್ಮೆ ಬಟ್ಟೆ ಕಟ್ಟು, ಹತ್ತಿ ದಿಂಬು ಕೂದಲನ್ನು ತಿನ್ನುತ್ತದೆ, ಬಿಚ್ಚುವಾಗ ತುದಿಯಿಂದ ಮೇಲಕ್ಕೆ ಬಿಚ್ಚು. ಅಕ್ಕನ ಧಾರೆ ಸೀರೆಯ ಸೆರಗು ಕತ್ತರಿಸಿ ಹೊಲಿದ ಆ ತಲೆಬಟ್ಟೆ ಬ್ಯಾಗಿನಲ್ಲಿ ಮೇಲೆಯೇ ಇಟ್ಟಿದ್ದೇನೆ. ಫೋನು ಮತ್ತೆ ಗುರ್ ಅಂದಿತು, ಕವುಚಿ ಇಟ್ಟಿದ್ದೇನೆ, ಭವ್ಯನೇ ಇರಬೇಕು, ಹೋದ ವಾರ ವಾಟ್ಸಾಪಿನಲ್ಲಿ ಬಂದಿತ್ತು ಅವಳ ಧ್ವನಿ, ಅಕ್ಕ, ನಾನ್ ಭವ್ಯ, ಪಾಪುಗೆ ನೀವ್ ಹಾಕೋದು ನಂಗ್ ಬರಲ್ಲ, ಒಂದ್ ವಿಡಿಯೋ ಮಾಡಿ ಕಳ್ಸ್ತೀರಾ, ಕಲ್ತ್ಕಳ್ತೀನಿ. ಎಷ್ಟು ಮೆತ್ತಗಿನ ಧ್ವನಿ, ಅದೇ ಹೊಟ್ಟೆ ಉರಿಸಿತು. ಅವಳದು ಹೇನು ಜಾರಿ ಬೀಳುವಷ್ಟು ನೆಟ್ಟನೆ ಕೂದಲು, ಅವಳಿಗೇನು ಗೊತ್ತು. ಮೂರು ದಿನ ಉತ್ತರ ಕೊಡಲಿಲ್ಲ, ಗುರುವಾರ ಇವಳನ್ನು ಕೂರಿಸಿ ವಿಡಿಯೋ ಮಾಡಿದೆ, ಎಳೆ ಎರಡನ್ನೂ ಬಲಕ್ಕೆ ತಿರುಚಿದೆ, ಸುತ್ತಿದ್ದೂ ಬಲಕ್ಕೇ. ಗೊಂಪಿನ ಅಂಟಿಗೆ ಒಂದು ನಿಮಿಷ ನಿಂತಿತು, ಅಷ್ಟರಲ್ಲಿ ವಿಡಿಯೋ ನಿಲ್ಲಿಸಿದೆ, ಕಳಿಸಿದೆ. ಬೇಕೆಂದೇ ಮಾಡಿದೆ, ಕೈ ತಪ್ಪಿ ಅಲ್ಲ. ಬಿಚ್ಚಿ ಹೋಗಲಿ, ಅವಳ ಕೈಗೆ ಬಾರದಿರಲಿ, ನಿಮ್ಗೇ ಬರೋದು ಅಕ್ಕ ಅಂತ ಹದಿನೈದು ದಿನಕ್ಕೊಮ್ಮೆ ಮಗುವನ್ನು ಕರೆದುಕೊಂಡು ಈ ಕುರ್ಚಿಗೆ ಬರಲಿ — ಹದಿನೈದು ದಿನಕ್ಕೊಮ್ಮೆ, ಅಕ್ಕ ಬರುತ್ತಿದ್ದ ಹಾಗೆ, ಅಯ್ಯೋ ದೇವರೇ, ಅಕ್ಕ ಬರುತ್ತಿದ್ದ ಹಾಗೆಯೇ. ಇವತ್ತು ಬೆಳಗ್ಗೆ ಫೋಟೋ ಕಳಿಸಿದ್ದಾಳೆ, ತನ್ನದೇ ಕೂದಲಿಗೆ ಹಾಕಿಕೊಂಡು ನೋಡಿದ್ದಾಳೆ, ಭುಜದ ಮೇಲೆ ತುದಿ ಬಿಚ್ಚಿಕೊಂಡು ಎರಡಾಗಿ ಬಿದ್ದಿದೆ, ಮೂರ್ ದಿನದಿಂದ ಹಾಕ್ತಿದೀನಿ ಅಕ್ಕ, ಬಿಟ್ ಕೂಡ್ಲೇ ಬಿಚ್ಚೋಗ್ತದೆ, ನನ್ ಕೈಯೇ ಸರಿ ಇಲ್ವೇನೋ. ಆ ತುದಿ ನೋಡಿ ಫೋನು ಕವುಚಿ ಇಟ್ಟವಳು ಇನ್ನೂ ಮುಟ್ಟಿಲ್ಲ.

ಇಪ್ಪತ್ನಾಲ್ಕು, ಇನ್ನೊಂದೇ ಉಳಿದಿದೆ, ಕುತ್ತಿಗೆಯ ಬುಡದ್ದು, ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಇನ್ನೂ ಹತ್ತೂವರೆ, ಬೇಗ ಬಂದುಬಿಟ್ಟಿದ್ದಾರೆ, ಭಾವ ಹೊರಗೇ ನಿಂತು ಕೆಮ್ಮಿದರು, ಶಟರಿನ ಕೆಳಗೆ ಬಗ್ಗಿ ಭವ್ಯ ಒಳಗೆ ಬಂದಳು, ಸೆರಗು ಗ್ರೀಸಿಗೆ ತಾಗಿತು, ನೋಡಿಕೊಳ್ಳಲೂ ಇಲ್ಲ, ಮಗುವಿನ ತಲೆಯನ್ನೇ ನೋಡುತ್ತಿದ್ದಾಳೆ. ಎಷ್ಟ್ ಚಂದ ಅಕ್ಕ. ಹ್ಞೂಂ ಅಂದೆ. ಚಿಕ್ಕಿ, ಇದೊಂದು ಅವ್ರು ಹಾಕ್ಲಿ, ಅಂದಳು ಶಾಂಭವಿ. ನನ್ನ ಕೈಯಲ್ಲಿ ಎರಡು ಎಳೆ ಇವೆ, ಕೊಡು ಅಂದರೆ ಕೊಡಬೇಕು, ಕೊಟ್ಟೆ. ಭವ್ಯ ಬಳೆ ಮೇಲೇರಿಸಿ ಬೆರಳಿಗೆ ಗೊಂಪು ಮುಟ್ಟಿಸಿಕೊಂಡು ಬಲಕ್ಕೆ ತಿರುಚಿದಳು, ಬಲಕ್ಕೇ ಸುತ್ತಿದಳು, ನಾನು ಕಲಿಸಿದ ಹಾಗೇ, ಒಂದೂ ತಪ್ಪದೆ, ತುದಿ ಬಿಟ್ಟಳು, ತುದಿ ನಿಧಾನಕ್ಕೆ ತಿರುಗಿ ಬಿಚ್ಚಿಕೊಂಡಿತು. ನೋಡಿ ಅಕ್ಕ, ನನ್ ಹಣೆಬರಾನೇ ಇಷ್ಟು. ನಗುತ್ತಾ ಹೇಳಿದಳು, ಅಕ್ಕನೂ ಫೋನಿನಲ್ಲಿ ಹೀಗೇ ನಗುತ್ತಾ — ಹೇಳು, ಈಗಲಾದರೂ ಹೇಳು, ನಾಲಿಗೆಗೆ ಏನಾಗಿದೆ ನಿನಗೆ. ಶಾಂಭವಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಗುರುವಾರವೂ ಇದೇ ಕನ್ನಡಿ ಇತ್ತು, ಇದೇ ಕಣ್ಣು, ಎಲ್ಲ ನೋಡಿದ್ದಾಳೆ. ಸುತ್ತದು ಎಡಕ್ಕೆ, ಅಂದಳು ಭವ್ಯನಿಗೆ, ಅವತ್ತು ಚಿಕ್ಕಿ ಮರ್ತಿದ್ಲು. ಹೌದಾ ಅಕ್ಕ, ಎಡಕ್ಕಾ? ಹೌದು ಅಂದೆ, ಮರ್ತಿದ್ದೆ, ಎಡಕ್ಕೆ. ಒಂಬತ್ತು ವರ್ಷದವಳು ನನ್ನ ಮಾನ ಮುಚ್ಚಿದಳು. ಭವ್ಯ ಮತ್ತೆ ಹಿಡಿದಳು, ಬಲಕ್ಕೆ ತಿರುಚಿ ಎಡಕ್ಕೆ ಸುತ್ತಿದಳು, ಮೆಲ್ಲಗೆ, ತುಟಿ ಕಚ್ಚಿಕೊಂಡು, ನೋಯ್ತದಾ ಪುಟ್ಟಿ, ಇಲ್ಲ ಅಂದಳು ಶಾಂಭವಿ, ನಿಮ್ದು ನೋಯಲ್ಲ. ತುದಿಗೆ ಬಂದಳು. ಬೆರಳಿಗೆ ಸುತ್ತಿದಳು. ಬಿಟ್ಟಳು. ನಾನು ತುದಿಯನ್ನು ನೋಡಿದೆ, ಬಿಚ್ಚಿಕೊ, ಅಂದೆ ಮನಸ್ಸಿನಲ್ಲಿ, ಒಂದೇ ಒಂದು ಸಲ, ಬಿಚ್ಚಿಕೊ ಮಾರಾಯ್ತಿ. ಹೊರಗೆ ಭಾವ ಹಾರ್ನ್ ಹೊಡೆದರು. ಕುತ್ತಿಗೆಯ ಮೇಲೆ ತುದಿ ಒಂದು ಸುತ್ತು ತಿರುಗಿತು, ಅರ್ಧ ಸುತ್ತು ತಿರುಗಿತು, ನಿಂತಿತು. ಬಿಚ್ಚಿಕೊಳ್ಳಲಿಲ್ಲ. ತುದಿ ಬಿಚ್ಚಿಕೊಳ್ಳಲಿಲ್ಲ.