ಕರೆಯದೆ ಬಿಟ್ಟ ಕೆಚ್ಚಲು

ಹಾಲು ಕೊಡುವ ಎಮ್ಮೆಗೆ ಎಂಬತ್ತು ಸಾವಿರ. ಹಿಂಡಿ ಚೀಲಕ್ಕೆ ಸಾವಿರದ ಆರುನೂರು. ನನ್ನ ಗಂಡ ಬಸವಣ್ಣೆಪ್ಪ ತಂದ ಕಂಪನಿ ಶೇರು ಒಂದಕ್ಕೆ ನೂರು ರೂಪಾಯಿ. ತಂದದ್ದು ಎಂಟುನೂರು ಶೇರು, ಅಂದರೆ ಒಂದು ಎಮ್ಮೆ. ಎರಡನೆಯ ಎಮ್ಮೆಗೆಂದು ನಾನು ಕೂಡಿಟ್ಟ ರೊಕ್ಕ ಅದು.

ಹಿರೇಕೆರೂರು ಸಂತೆಯಲ್ಲಿ ಇವರು ಹೆಸರಾದ ಎಮ್ಮೆ ದಲಾಲರು. ಮಾರುವವರು ಹಿಂದಿನ ಸಂಜೆ ಹಾಲು ಕರೆಯದೆ, ಕೆಚ್ಚಲು ಉಬ್ಬಿಸಿ ತಂದರೆ ದೂರದಿಂದಲೇ ಗುರುತಿಸುತ್ತಾರೆ. ಮೂರು ಹೊತ್ತು ಎದುರಿಗೆ ಕರೆಸದೆ ಯಾರಿಗೂ ದುಡ್ಡು ಬಿಚ್ಚಗೊಡುವುದಿಲ್ಲ. ಇಂಥ ಜಾಣರು!

ಆರು ತಿಂಗಳಲ್ಲಿ ಶೇರು ನೂರರಿಂದ ಅರವತ್ತಕ್ಕೆ ಬಿತ್ತು. ಮನುಷ್ಯ ಸಪ್ಪಗಾಗಬೇಕಿತ್ತು. ಇವರು ಹಗ್ಗ ಹಿಡಿದು, ಕೊಟ್ಟಿಗೆಯಲ್ಲಿದ್ದ ಒಂದೇ ಎಮ್ಮೆಯನ್ನು ಬಿಚ್ಚಲು ಬಂದರು.

“ಶೇರು ಕೊಡಿಸಿದ ಸಂಜಯ ಹೇಳ್ಯಾನ. ಹೋದ ವರ್ಷ ಕಂಪನಿಯವರು ಲಾಭದ ಪಾಲು, ಡಿವಿಡೆಂಡ್ ಅಂತ ಶೇರಿಗೆ ಹದಿನೆಂಟು ರೂಪಾಯಿ ಕೊಟ್ಟಾರ. ಅವಾಗ ನೂರಕ್ಕ ಹದಿನೆಂಟು. ಈಗ ಅರವತ್ತಕ್ಕ ಹದಿನೆಂಟು, ಅಂದ್ರ ನೂರಕ್ಕ ಮೂವತ್ತು ಬಿತ್ತಲ್ಲೇ! ಯೀಲ್ಡ್ ಅಂತಾರ ಅದಕ್ಕ. ಇದನ್ನ ಮಾರಿ ಇನ್ನಷ್ಟು ತಗೋತೇನಿ.”

“ಹಾಲು ಹೆಚ್ಚಾತೋ, ಎಮ್ಮಿ ರೇಟ್ ಇಳೀತೋ?”

“ನಿನಗೇನ ತಿಳೀತದ, ಸುಮ್ನಿರು.”

“ಆತು, ನಾ ದಡ್ಡಿ. ಅಗ್ಗಕ್ಕ ಎಮ್ಮಿ ಬಂದ್ರ ನೀವು ಕಾಲು ನೋಡ್ತೀರಿ, ಹಲ್ಲು ನೋಡ್ತೀರಿ. ಇದರ ಬಾಲನೂ ಎತ್ತಿ ನೋಡ್ಲಿಲ್ಲಲ್ರಿ, ದಲಾಲರ?”

ಮಗಳು ತನುಜಾ ಫೋನಿನಲ್ಲಿ ಆ ಕಂಪನಿಯ ಹಳೆಯ ಲೆಕ್ಕ ತೆಗೆದಳು.

“ಅಪ್ಪಾ, ಅದರ ಹಿಂದಿನ ವರ್ಷ ಕೊಟ್ಟಿದ್ದು ಎರಡ ರೂಪಾಯಿ. ಅದಕ್ಕಿಂತ ಹಿಂದನೂ ಎರಡ. ಹೋದ ವರ್ಷ ಗೋದಾಮಿನ ಜಾಗ ಮಾರಿ, ಬಂದ ರೊಕ್ಕ ಹಂಚ್ಯಾರ. ಜಾಗ ಎಷ್ಟು ಸಲ ಮಾರಾಕ ಬರ್ತದ?”

ಇವರ ಕೈಯ ಹಗ್ಗ ಸಡಿಲಾಯಿತು.

“ಕೆಚ್ಚಲ ಉಬ್ಬಿಸಿ ತಂದಿದ್ರು,” ಅಂದರು, ಸಗಣಿ ನೋಡುತ್ತ.

“ಇದನ್ನ ಸಂತ್ಯಾಗ ಹೇಳಬ್ಯಾಡ್ರಿ ಮತ್ತ. ನಾಳೆಯಿಂದ ನಿಮಗ ಕುರಿಮರೀನೂ ಯಾರೂ ತೋರ್ಸೂದಿಲ್ಲ.”

ಒಳಗೆ ಕರೆದು ಚಹಾ ಕೊಟ್ಟೆ. ಹಾಲು ಅದೇ ಎಮ್ಮೆಯದು.

ಈ ವರ್ಷ ಶೇರಿಗೆ ಬಂದ ಡಿವಿಡೆಂಡ್ ಎರಡೇ ರೂಪಾಯಿ. ಒಟ್ಟು ಸಾವಿರದ ಆರುನೂರು, ಒಂದು ಚೀಲ ಹಿಂಡಿ. ಅರವತ್ತರಂತೆ ಶೇರು ಮಾರಿದಾಗ ಬಂದದ್ದು ನಲವತ್ತೆಂಟು ಸಾವಿರ. ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕಿದರೂ ಹೋದದ್ದು ಮೂವತ್ತು ಸಾವಿರದ ನಾನೂರು. ಎಮ್ಮೆ ಉಳಿಯಿತು.