ಪೇಟೆ ಬೀದಿ ಅಗಲವಾದ ವರ್ಷ

ಚನ್ನರಾಯಪಟ್ಟಣದ ಪೇಟೆ ಬೀದಿಯನ್ನು ಅಗಲ ಮಾಡಬೇಕೆಂದು ತೀರ್ಮಾನವಾದದ್ದು ೧೯೩೮ರ ಬೇಸಿಗೆಯಲ್ಲಿ. ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದ ಬೀದಿ ಅದು. ಮನೆಯವರ ಒಪ್ಪಿಗೆ ಕೇಳಲು ಓವರ್‌ಸಿಯರ್ ಬರುತ್ತಾರೆಂದು ತಿಳಿದ ಕೂಡಲೇ ಜವಳಿ ವ್ಯಾಪಾರಿ ಪರಮಶಿವಯ್ಯ ಅಕ್ಕ ನೀಲಗಂಗಮ್ಮನ ಮನೆಗೆ ಓಡಿ ಬಂದ.

“ನನ್ನ ಅಂಗ್ಡಿ ಮುಂದ್ಲ ಗ್ವಾಡೆ ಓಯ್ತದೆ ಕಣಕ್ಕ. ನಿನ್ ಜಗಲೀನೂ ಉಳಿಯಾಕಿಲ್ಲ. ಬ್ಯಾಡ ಅಂದ್ಬುಡು.”

ನೀಲಗಂಗಮ್ಮನಿಗೆ ಜಗಲಿಯೆಂದರೆ ಜೀವ. ಗಂಡ ತೀರಿಕೊಂಡ ಮೇಲೆ ಅವಳು ನಾಲ್ಕು ಜನರ ಮುಖ ನೋಡುತ್ತಿದ್ದುದು ಅಲ್ಲಿ ಕೂತೇ. ಆದರೆ ಹಿಂದಿನ ಮಳೆಗಾಲವನ್ನು ಅವಳು ಮರೆತಿರಲಿಲ್ಲ. ಸೊಸೆ ಬಸವಲಿಂಗಮ್ಮನಿಗೆ ಹೆರಿಗೆ ಕಷ್ಟವಾದ ದಿನ ಸಂತೆಯ ಗಾಡಿಗಳು ಬೀದಿಯಲ್ಲಿ ಸಿಕ್ಕಿಕೊಂಡಿದ್ದವು. ಅವಳನ್ನು ಮಂಚದ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ಯಬೇಕಾಯಿತು. ಸೊಸೆ ಉಳಿದಳು, ಮಗು ಉಳಿಯಲಿಲ್ಲ.

“ಮಂಚ ಹೊತ್ತೋರಲ್ಲಿ ನೀನೂ ಒಬ್ಬ ಅಲ್ವೇನಪ್ಪ?” ಎಂದಳು. “ಬೀದಿ ಅಗ್ಲ ಆಗ್ಲಿ. ನಾ ಬ್ಯಾಡ ಅನ್ನಾಕಿಲ್ಲ.”

ಪರಮಶಿವಯ್ಯ ಎದ್ದು ಅಂಗಡಿಗೆ ಹೊರಟ.

ದಸರೆ ಕಳೆದ ಮೇಲೆ ಕೂಲಿಯವರು ಹಾರೆ, ಗುದ್ದಲಿ ಹಿಡಿದು ಬಂದರು. ಜಗಲಿಯ ತುದಿಯಲ್ಲಿ ಬಳೆಗಾರ ತಿಮ್ಮಪ್ಪ ಬಳೆಗಳನ್ನೆಲ್ಲ ಕಟ್ಟುತ್ತಿದ್ದ. ಅವನ ಅಪ್ಪನ ಕಾಲದಿಂದಲೂ ಅವರ ವ್ಯಾಪಾರ ಅಲ್ಲೇ.

“ಪರಿಹಾರ ಅಂತ ನಿಂಗೇನಾದ್ರೂ ಕೊಟ್ರಾ ತಿಮ್ಮಪ್ಪ?” ಎಂದು ನೀಲಗಂಗಮ್ಮ ಕೇಳಿದಳು.

“ನಂಗ್ಯಾಕ್ ಕೊಟ್ಟಾರು ತಾಯಿ? ಜಗಲಿ ನಿಮ್ದು. ನುಗ್ಗೇಹಳ್ಳಿ ಕಡೆ ಹಳ್ಳಿ ಸುತ್ಕೊಂಡಿರ್ತೀನಿ.”

ಅವನು ನೊಂದು ಹೇಳಿದ್ದಲ್ಲ. ಆದರೂ ನೀಲಗಂಗಮ್ಮನಿಗೆ ಮನಸ್ಸು ಚುರುಕ್ಕೆಂದಿತು. ಬೀದಿ ಅಗಲವಾಗಲಿ ಎನ್ನುವಾಗ ತನ್ನ ನಷ್ಟ ಕಂಡಿತ್ತು, ತಮ್ಮನದೂ ಕಂಡಿತ್ತು; ಕಣ್ಣೆದುರೇ ಕೂತವನು ಕಂಡಿರಲಿಲ್ಲ.

“ವಸಿ ತಡಿ,” ಎಂದವಳು ಕೂಲಿಯವರ ಮೇಸ್ತ್ರಿಯನ್ನು ಕರೆದಳು. ರಾಗಿ ಚೀಲ ಇಡುತ್ತಿದ್ದ ಮುಂದಿನ ಕೋಣೆಗೆ ಬೀದಿ ಕಡೆಯಿಂದ ಒಂದು ಬಾಗಿಲು ಒಡೆಯಲು ಹೇಳಿದಳು. ಚೀಲ ಎಲ್ಲಿಡೋದು ಎಂದು ಮಗ ಗೊಣಗಿದ. ಅಡಿಗೆಮನೆಯಲ್ಲಿಡು ಎಂದಳು.

ಮಾರನೆಯ ವರ್ಷ ಬಾಗೂರಿನ ಬಸ್ಸು ಆ ಬೀದಿಯಲ್ಲೇ ಬರತೊಡಗಿತು. ಅದು ನಿಲ್ಲುತ್ತಿದ್ದುದು ಪರಮಶಿವಯ್ಯನ ಅಂಗಡಿಯ ಮುಂದೆ. ಅವನಿಗೆ ಊಟಕ್ಕೂ ಬಿಡುವಿಲ್ಲದಷ್ಟು ಗಿರಾಕಿಗಳು. ಹೋದ ಗೋಡೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಸಂಜೆ ನೀಲಗಂಗಮ್ಮ, ತಿಮ್ಮಪ್ಪನ ಬಳೆ ಅಂಗಡಿಯಾದ ಆ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ಬಸ್ಸಿಳಿದ ಹೆಂಗಸರು ಬಳೆ ತೊಡಿಸಿಕೊಳ್ಳುತ್ತ ಊರೂರ ಸುದ್ದಿ ಹೇಳುತ್ತಿದ್ದರು. ಧೂಳು ಒಳಗೆ ನುಗ್ಗಿದಾಗ ಅವಳು ಸೆರಗನ್ನು ಮೂಗಿಗೆ ಹಿಡಿದು ಬಾಗಿಲನ್ನು ಅರ್ಧ ಮುಂದಕ್ಕೆ ಮಾಡುತ್ತಿದ್ದಳು.